ಕತ್ತಲೆಯಲ್ಲಿ ಮುನಿಯಮ್ಮನ ಬಾವಿ

ಈಗಿನ ಹುಡುಗಿಯರು ಲ್ಯಾಬಿಗೆ ಸೇರಿದ ಮೊದಲ ದಿನವೇ "ನಂಗ್ಯಾವ ಮೆಷಿನ್ ಮೇಡಂ?" ಎಂದು ಕೇಳುತ್ತಾರೆ. ನಾನು ಸೇರಿದಾಗ ಕೇಳುವ ಸರದಿ ನನ್ನದಾಗಿರಲಿಲ್ಲ. ಪೀಣ್ಯದ ಆ ಸಣ್ಣ ಲ್ಯಾಬಿನಲ್ಲಿ ನನ್ನನ್ನು ಇಂಟರ್‌ವ್ಯೂ ಮಾಡಿದ ಡಾಕ್ಟರ್ ಶ್ರೀಪಾದ ಅವರು ನನ್ನ ಬಿ.ಎಸ್ಸಿ. ಮಾರ್ಕ್ಸ್ ಕಾರ್ಡನ್ನು ಮಗುಚಿಟ್ಟು ಎರಡೇ ಪ್ರಶ್ನೆ ಕೇಳಿದರು. ಕಣ್ಣು ಚೆನ್ನಾಗಿದೆಯಾ, ಕತ್ತಲೆಗೆ ಹೆದರ್ತೀರಾ.

ಕಣ್ಣು ಚೆನ್ನಾಗಿದೆ ಸಾರ್, ಹೆದರಲ್ಲ ಸಾರ್ ಎಂದೆ. ಕೆಲಸ ಸಿಕ್ಕಿತು. ಖುಷಿಯಿಂದ ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಎಂಥ ಆಫೀಸೇ ಅದು? ಹೆಣ್ಣುಮಕ್ಕಳನ್ನ ಕರೆದು ಕತ್ತಲೆಗೆ ಹೆದರ್ತೀಯಾ ಅಂತ ಕೇಳೋದು? ನಾಳೆ ನಾನೂ ಬರ್ತೀನಿ ನಡಿ."

ಬಂದೇ ಬಂದಳು. ಇಪ್ಪತ್ತೆರಡು ವರ್ಷದ ಮಗಳು ಮೊದಲ ದಿನದ ಕೆಲಸಕ್ಕೆ ತಾಯಿಯನ್ನು ಕರೆದುಕೊಂಡು ಹೋದರೆ ಹೇಗಿರುತ್ತದೆ ಹೇಳಿ. ನಾಚಿಕೆಯಿಂದ ನನ್ನ ಕಿವಿ ಕೆಂಪಾಗಿತ್ತು. ಶ್ರೀಪಾದ ಸಾರ್ ಮಾತ್ರ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಅಮ್ಮನನ್ನು ಲ್ಯಾಬಿನ ಹಿಂದಿದ್ದ ಕಿಟಕಿಯಿಲ್ಲದ ಕೋಣೆಗೆ ಕರೆದೊಯ್ದರು. ಅದರ ಗೋಡೆಗೆಲ್ಲ ಶಾಲೆಯ ಬೋರ್ಡಿಗೆ ಹಚ್ಚುವ ಕಪ್ಪು ಬಣ್ಣ ಬಳಿದಿದ್ದರು. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ದೀಪ ಆರಿಸಿ, ಒಂದು ಗಾಜಿನ ನಳಿಕೆಗೆ ಏನೋ ಸುರಿದರು. ನಳಿಕೆ ತಳದಿಂದ ಬಾಯಿಯವರೆಗೆ ನೀಲಿಯಾಗಿ ಹೊತ್ತಿಕೊಂಡಿತು. ಅವರ ಮೂಗು, ಅಮ್ಮನ ಬಳೆ, ನನ್ನ ಬಾಯಿ ಬಿಟ್ಟ ಮುಖ ಎಲ್ಲ ಅದರ ಬೆಳಕಿನಲ್ಲಿ ಕಾಣಿಸಿದವು.

"ಗ್ಯಾಸ್ ಒಲೇನ ಸಣ್ಣಗೆ ಇಟ್ಟ ಹಾಗಿದೆ," ಎಂದಳು ಅಮ್ಮ. "ಮುಟ್ಟಿದ್ರೆ ಸುಡುತ್ತಾ?"

"ಇಲ್ಲಮ್ಮ, ಮುಟ್ಟಿ ನೋಡಿ. ಇದು ತಣ್ಣಗಿರೋ ಬೆಳಕು."

ಹೊರಗೆ ಬಂದ ಮೇಲೆ ಅಮ್ಮ ಸೆರಗು ಸರಿ ಮಾಡಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು: "ಆ ಮನುಷ್ಯನಿಗೆ ಬೆಳಕಿನ ಹುಚ್ಚು ಬಿಟ್ರೆ ಬೇರೆ ಹುಚ್ಚಿಲ್ಲ. ಹೋಗು, ಕೆಲಸ ಮಾಡು." ಮೂವತ್ತೈದು ವರ್ಷ ಮಾಡಿದೆ.

ಆ ಹುಚ್ಚು ಏನೆಂದು ಹೊಸದಾಗಿ ಸೇರುವವರಿಗೆ ಸರಳವಾಗಿ ಹೇಳುತ್ತೇನೆ. ಲುಮಿನಾಲ್ ಎಂಬ ಒಂದು ಪುಡಿ ಇದೆ, ಹೆಚ್ಚುಕಡಿಮೆ ಕಡಲೆಹಿಟ್ಟಿನ ಬಣ್ಣ. ಅದನ್ನು ಕ್ಷಾರದ ನೀರಿನಲ್ಲಿ ಕರಗಿಸಿ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಹೆಚ್ಚೇನೂ ಆಗುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಅದಕ್ಕೆ ಕ್ರೋಮಿಯಂ ಇರುವ ನೀರನ್ನು ಒಂದು ತೊಟ್ಟು ಹಾಕಿ, ಬೆಳಗುತ್ತದೆ. ಕ್ರೋಮಿಯಂ ಹೆಚ್ಚಿದ್ದರೆ ಹೆಚ್ಚು ಬೆಳಕು, ಕಡಿಮೆಯಿದ್ದರೆ ಕಡಿಮೆ, ಇಲ್ಲದಿದ್ದರೆ ಕತ್ತಲೆ. ಬೇರೆ ಲೋಹಗಳು ನಡುವೆ ಬಾಯಿ ಹಾಕದಂತೆ ಅವನ್ನು ಕಟ್ಟಿಹಾಕಲು ಇನ್ನೊಂದು ಉಪ್ಪು ಸೇರಿಸುತ್ತಿದ್ದೆವು. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಪೀಣ್ಯದ ಗಲ್ಲಿಗಲ್ಲಿಯಲ್ಲೂ ಪ್ಲೇಟಿಂಗ್ ಶಾಪುಗಳಿದ್ದವು. ಸೈಕಲ್ ಹ್ಯಾಂಡಲಿನಿಂದ ಹಿಡಿದು ನಲ್ಲಿಯವರೆಗೆ ಎಲ್ಲಕ್ಕೂ ಕ್ರೋಮ್ ಹೊಳಪು ಕೊಡುವ ಕೆಲಸ. ಅಲ್ಲಿ ಉಳಿದ ಹಳದಿ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಆಗಷ್ಟೇ ಹುಟ್ಟಿಕೊಂಡಿದ್ದರು. ಆ ಪ್ರಶ್ನೆಯೇ ನಮ್ಮ ಅನ್ನ.

ಮೊದಲ ಎರಡು ವರ್ಷ ಬೆಳಕನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ, ನನ್ನ ಕಣ್ಣೇ ಯಂತ್ರ. ಕ್ರೋಮಿಯಂ ಎಷ್ಟೆಷ್ಟಿದೆ ಎಂದು ಮೊದಲೇ ಗೊತ್ತಿದ್ದ ಏಳು ನಳಿಕೆಗಳನ್ನು ಸಾಲಾಗಿ ಇಟ್ಟು, ಬಂದ ಮಾದರಿ ಯಾವುದಕ್ಕೆ ಸಮ ಬೆಳಗುತ್ತದೆ ಎಂದು ನೋಡಿ ಹೇಳಬೇಕು. ಅದಕ್ಕೆ ಮುಂಚೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಈ ಹದಿನೈದು ನಿಮಿಷದಲ್ಲಿ ನಾನು ಕಲಿತ ದೊಡ್ಡ ವಿಷಯವೆಂದರೆ, ಕತ್ತಲೆಯಲ್ಲಿ ಮನುಷ್ಯರು ಬೇರೆಯೇ ಆಗುತ್ತಾರೆ. ಹೊರಗೆ ಟ್ಯೂಬ್‌ಲೈಟಿನ ಕೆಳಗೆ ಶ್ರೀಪಾದ ಸಾರ್ ಅಳೆದು ತೂಗಿ ಮಾತಾಡುವ ಡಾಕ್ಟರ್. ಒಳಗೆ ದೀಪ ಆರಿತೋ ಇಲ್ಲವೋ, ತಮ್ಮ ತಾಯಿ ಮಾಡುತ್ತಿದ್ದ ಹಾಲುಬಾಯಿಯಿಂದ ಶುರುಮಾಡಿ, ಹೈಸ್ಕೂಲಿನಲ್ಲಿ ಗಣಿತಕ್ಕೆ ಎರಡು ಸಲ ಫೇಲಾದ ಕತೆಯವರೆಗೆ ಬಿಡದೆ ಹೇಳುವರು. ದೀಪ ಹಾಕಿದ ಕೂಡಲೇ ಮತ್ತೆ ಡಾಕ್ಟರ್. ಒಮ್ಮೆ ನಾನು ಹೊರಗೆ, ಬೆಳಕಿನಲ್ಲಿ, "ಸಾರ್, ಆ ಗಣಿತದ ಮೇಷ್ಟರು ಆಮೇಲೆ ಏನಂದ್ರು?" ಎಂದು ಕೇಳಿಬಿಟ್ಟೆ. ಕನ್ನಡಕದ ಮೇಲಿಂದ ನೋಡಿ, "ಯಾವ ಮೇಷ್ಟರು?" ಎಂದರು.

ಕರೆಂಟ್ ಹೋದರೆ ಪೀಣ್ಯಕ್ಕೆ ಪೀಣ್ಯವೇ ತಲೆಯ ಮೇಲೆ ಕೈಹೊತ್ತು ಬೀದಿಗೆ ಬರುತ್ತಿತ್ತು. ನಾವಿಬ್ಬರು ಮಾತ್ರ ಹಬ್ಬ ಬಂದವರ ಹಾಗೆ ಕೋಣೆಗೆ ನುಗ್ಗುತ್ತಿದ್ದೆವು. ಎದುರಿನ ಲೇತ್ ಶಾಪಿನವರು ನಮ್ಮನ್ನು ನೋಡಿ, "ಏನ್ ಸಾರ್, ನಿಮ್ದೇ ಮಜಾ," ಎಂದು ಉರಿದುಕೊಳ್ಳುತ್ತಿದ್ದರು.

ಆಮೇಲೆ ಯಂತ್ರ ಬಂತು. ಬೆಳಕನ್ನು ಹಿಡಿದು ಕರೆಂಟಾಗಿ ಮಾಡುವ ಒಂದು ಗಾಜಿನ ಟ್ಯೂಬು, ಅದರ ಜೊತೆ ಕಾಗದದ ಮೇಲೆ ಗೆರೆ ಎಳೆಯುವ ಮುಳ್ಳು. ನನ್ನ ಕಣ್ಣಿಗೆ ಕಾಣದ ಬೆಳಕೂ ಅದಕ್ಕೆ ಕಾಣುತ್ತಿತ್ತು. ಅದನ್ನು ಇಡಲು ಬಡಗಿಯಿಂದ ಪೆಟ್ಟಿಗೆ ಮಾಡಿಸಿದೆವು. ಸಂದಿನಲ್ಲಿ ಬೆಳಕು ನುಸುಳುತ್ತಿತ್ತು. ಏನೇನೋ ಅಂಟಿಸಿ ಸೋತ ಮೇಲೆ ನನ್ನ ಅಜ್ಜಿಯ ಹಳೆಯ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ ಎರಡು ಪದರ ಸುತ್ತಿದೆ, ನಿಂತಿತು. ಹೊರಗಿನಿಂದ ನೋಡಲು ಬಂದ ಇಂಜಿನಿಯರುಗಳಿಗೆಲ್ಲ ಸಾರ್ ಗಂಭೀರವಾಗಿ, "ಇದು ವಿಶೇಷವಾದ ಬಟ್ಟೆ," ಎನ್ನುತ್ತಿದ್ದರು. ಆ ಟ್ಯೂಬು ಚಾಲೂ ಇರುವಾಗ ಮುಚ್ಚಳ ತೆಗೆದರೆ ಹೊರಗಿನ ಬೆಳಕಿಗೆ ಅದು ಕುರುಡಾಗುತ್ತದೆ ಎಂದು ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವರೂ ಅವರೇ, ಮೂರನೆಯ ವಾರ ಸ್ವಿಚ್ ಆರಿಸದೆ ಮುಚ್ಚಳ ತೆಗೆದವರೂ ಅವರೇ. ಮುಳ್ಳು ಕಾಗದದ ಅಂಚಿಗೆ ಹೋಗಿ ಬಡಿದು ಅಲ್ಲೇ ನಡುಗುತ್ತ ನಿಂತಿತು. ಟ್ಯೂಬು ಸುಧಾರಿಸಿಕೊಳ್ಳಲು ಎರಡು ದಿನ ಬೇಕಾಯಿತು, ಸಾರ್ ಸುಧಾರಿಸಿಕೊಳ್ಳಲು ನಾಲ್ಕು ದಿನ.

ನಾನೂ ಒಂದು ಸಲ ಮೆರೆದದ್ದುಂಟು. ಒಂದು ಬಾವಿಯ ನೀರು ಬಂತು. ಪೆರಾಕ್ಸೈಡ್ ಹಾಕುವ ಮುಂಚೆಯೇ ಮುಳ್ಳು ನೆಗೆಯಿತು. ಕ್ರೋಮಿಯಂ ಹಾಗೆ ಅವಸರ ಮಾಡುವುದಿಲ್ಲ. "ಸಾರ್, ಇದು ಕ್ರೋಮ್ ಅಲ್ಲ, ಯಾರೋ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ," ಎಂದೆ. ವಿಚಾರಿಸಿದರೆ ನಿಜ, ಹಿಂದಿನ ದಿನ ಹೆಲ್ತ್ ಇನ್ಸ್‌ಪೆಕ್ಟರು ಬಂದು ಒಂದು ಬಕೆಟ್ ಸುರಿದು ಹೋಗಿದ್ದರಂತೆ. ಸಾರ್ ಎಲ್ಲರ ಮುಂದೆ, "ನಾಗರತ್ನನ ಕಣ್ಣು ತಪ್ಪಲ್ಲ," ಎಂದರು. ಆ ಮಾತು ನನ್ನ ತಲೆಗೆ ಏರಿತು, ಸುಳ್ಳು ಯಾಕೆ ಹೇಳಲಿ.

ತಲೆಗೇರಿದ್ದು ಇನ್ನೊಂದಿತ್ತು, ನನ್ನ ಪಾತ್ರೆ ತೊಳೆಯುವ ಶ್ರದ್ಧೆ. ನಮ್ಮ ಕಾಲದಲ್ಲಿ ಗಾಜು ತೊಳೆಯುವುದೆಂದರೆ ಕ್ರೋಮಿಕ್ ಆ್ಯಸಿಡ್. ಕಿತ್ತಳೆ ಕಂದು ಬಣ್ಣದ, ನೋಡಿದರೇ ಹೆದರಿಕೆಯಾಗುವ ದ್ರವ. ಎಲ್ಲ ಕಾಲೇಜಿನ ಮೂಲೆಯಲ್ಲೂ ಅದರದೊಂದು ಜಾಡಿ ಇರುತ್ತಿತ್ತು. ಅದರಲ್ಲಿ ನೆನೆಸಿ ತೊಳೆದ ಬಾಟಲಿಯ ಒಳಗೆ ನೀರು ಹನಿಹನಿಯಾಗಿ ನಿಲ್ಲುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಒಂದು ಹನಿ ನಿಂತರೂ ನಮ್ಮ ಲೆಕ್ಚರರ್ ಬಾಟಲಿಯನ್ನು ವಾಪಸ್ ಕೊಡುತ್ತಿದ್ದರು. ಅದನ್ನೇ ಮೈಗೂಡಿಸಿಕೊಂಡು ಬಂದಿದ್ದೆ. ಬೇರೆ ಯಾರಾದರೂ ನನ್ನ ಬಾಟಲಿ ಮುಟ್ಟಿದರೆ ಮುಖ ಗಂಟಿಕ್ಕುತ್ತಿದ್ದೆ.

ಈಗ ಮುನಿಯಮ್ಮನ ವಿಷಯಕ್ಕೆ ಬರುತ್ತೇನೆ.

ಚಿಕ್ಕಬಾಣಾವರ ಸ್ಟೇಷನ್ನಿನಿಂದ ಎರಡು ಮೈಲಿ ನಡೆದರೆ ಸಿಗುವ ಒಂದು ಹಳ್ಳಿಯವರು ಆಕೆ. ಮನೆಯ ಹಿಂದೆ ಬಾವಿ, ಬಾವಿಯ ಸುತ್ತ ಸೊಪ್ಪಿನ ಪಾತಿಗಳು. ದಂಟು, ಕೊತ್ತಂಬರಿ, ಸಬ್ಬಸಿಗೆ. ಬೆಳಗಿನ ರೈಲಿಗೆ ಮಂಕರಿ ಹೊತ್ತು ಮಲ್ಲೇಶ್ವರಕ್ಕೆ ಹೋಗಿ ಮಾರಿ ಹತ್ತು ಗಂಟೆಗೆ ಮನೆಗೆ ಬರುವವರು. ಆ ವರ್ಷ ಬಾವಿಯ ನೀರು ಒಂದು ಥರ ಹಳದಿಯಾಯಿತು. ಹಳ್ಳಿಯ ಅಂಚಿನಲ್ಲಿ ಒಂದು ಪ್ಲೇಟಿಂಗ್ ಶಾಪು ಹೊಸದಾಗಿ ಬಂದಿದ್ದರಿಂದ ಜನ ಅದಕ್ಕೂ ಇದಕ್ಕೂ ಗಂಟು ಹಾಕಿದರು. ಹೊಂಗೆ ಎಲೆ ಉದುರಿ ಕೊಳೆತು ಹಾಗಾಗಿದೆ ಎಂದು ಆಕೆ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕೊನೆಗೆ ಪಂಚಾಯಿತಿ ಚೇರ್ಮನ್ ಬೈಲಪ್ಪನವರು, "ಪೀಣ್ಯದಲ್ಲಿ ಪರೀಕ್ಷೆ ಮಾಡಿಸಿ ಕಾಗದ ತಗೊಂಬಾ" ಎಂದು ಕಳಿಸಿದ್ದರು.

ನಾನು ಆಕೆಗೆ ಬಾಟಲಿ ಕೊಟ್ಟೆ. ಅದುವರೆಗೆ ನಮಗೆ ಬರುತ್ತಿದ್ದುದು ಹೆಚ್ಚಾಗಿ ಕಾರ್ಖಾನೆಯ ನೀರು, ನೂರಾರು ಪಟ್ಟು ತೆಳು ಮಾಡಿಯೇ ನೋಡಬೇಕಾದಷ್ಟು ಗಟ್ಟಿ. ಬಾವಿ ನೀರನ್ನು ಜನ ತಮ್ಮ ಕ್ಯಾನಿನಲ್ಲೇ ತರುತ್ತಿದ್ದರು. ಕುಡಿಯುವ ನೀರಿಗೆಂದು ನಾನೇ ಬಾಟಲಿ ಸಿದ್ಧ ಮಾಡಿ ಕೊಟ್ಟದ್ದು ಅದೇ ಮೊದಲು. ಹಾಗಾಗಿ ಇನ್ನಷ್ಟು ಶ್ರದ್ಧೆ ವಹಿಸಿ, ಶನಿವಾರ ಸಂಜೆ ಜಾಡಿಯಲ್ಲಿ ಮುಳುಗಿಸಿ ಸೋಮವಾರ ಬೆಳಿಗ್ಗೆ ತೆಗೆದಿದ್ದೆ. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಮರುದಿನ ನೀರು ತುಂಬಿ ತಂದರು.

ಮುಳ್ಳು ಏರಿತು. ಅವಸರವಿಲ್ಲದೆ, ಕ್ರೋಮಿಯಂ ಏರುವ ರೀತಿಯಲ್ಲೇ ಏರಿತು. ಮೂರು ಸಲ ನೋಡಿದೆ. ನಮ್ಮ ಶುದ್ಧ ನೀರನ್ನು ಪ್ಲಾಸ್ಟಿಕ್ ಕ್ಯಾನಿನಿಂದ ನೇರವಾಗಿ ನಳಿಕೆಗೆ ಹಾಕಿ ನೋಡಿದೆ, ಮುಳ್ಳು ಮಲಗಿತ್ತು. ಇನ್ನೇನು ಅನುಮಾನ? ಕುಡಿಯಲು ಯೋಗ್ಯವಲ್ಲ ಎಂದು ರಿಪೋರ್ಟ್ ಬರೆದೆ, ಸಾರ್ ಸಹಿ ಹಾಕಿದರು, ಪೋಸ್ಟಿನಲ್ಲಿ ಹೋಯಿತು.

ಮುಂದಿನ ವಾರ ಗುರುವಾರ ಮಧ್ಯಾಹ್ನ ಮುನಿಯಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ರಿಪೋರ್ಟು, ಇನ್ನೊಂದು ಕೈಯಲ್ಲಿ ಹಳೆಯ ಕೆಮ್ಮಿನ ಔಷಧಿಯ ಬಾಟಲಿ.

"ಏನವ್ವ, ನನ್ ಬಾವಿ ನಿಂಗೇನ್ ಮಾಡಿತ್ತು?" ಎಂದರು. ದನಿ ಏರಿಸಲಿಲ್ಲ. ಅದೇ ನನಗೆ ಕಷ್ಟವಾಯಿತು. "ಸೋಮವಾರ ಟ್ರ್ಯಾಕ್ಟರ್‌ನಾಗೆ ಮಣ್ಣು ತಂದು ಬಾವಿ ಮುಚ್ತಾರಂತೆ. ಮಲ್ಲೇಶ್ವರದಾಗೆ ನನ್ ಸೊಪ್ಪು ಮುಟ್ಟೋರಿಲ್ಲ, ರೈಲ್ನಾಗೇ ಸುದ್ದಿ ಓಗ್ಯದೆ. ನಮ್ಮತ್ತೆ ತೋಡ್ಸಿದ ಬಾವಿ ಅದು. ಇನ್ನೊಂದ್ ಕಿತ ನೋಡು ತಾಯಿ."

"ನೋಡಿದ್ದೀವಮ್ಮ, ಮೂರು ಸಲ ನೋಡಿದ್ದೀವಿ."

"ಇದ್ರಾಗೆ ನೋಡು." ಕೆಮ್ಮಿನ ಬಾಟಲಿ ಚಾಚಿದರು.

ಬೇಸರದಿಂದಲೇ ನೋಡಿದೆ. ಮುಳ್ಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಹಾಕಿದೆ, ಆಗಲೂ ಅಲ್ಲಾಡಲಿಲ್ಲ. ಆಗ ನಾನು ಹೇಳಿದ ಮಾತನ್ನು ನೆನೆದರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

"ಇದು ನಿಮ್ಮ ಬಾವಿ ನೀರು ಹೌದೇನಮ್ಮ? ಬೇರೆ ಕಡೆಯಿಂದ ತಂದಿಲ್ಲ ತಾನೆ?"

ಆಕೆಯ ಮುಖ ಸಣ್ಣದಾಯಿತು. "ಸುಳ್ಳೇಳೋಳಾಗಿದ್ರೆ ಎರಡ್ ಮೈಲಿ ನಡ್ದು ರೈಲತ್ತಿ ಬರ್ತಿದ್ನಾ? ನಾನ್ ಬೂದಿ ಆಕಿ ಉಜ್ಜಿ ತೊಳ್ದ ಬಾಟ್ಲಿ ಇದು. ನಿಂದು ತೊಳ್ದಿದ್ಯಾ?"

ನನ್ನ ಬಾಟಲಿ ತೊಳೆದಿತ್ತಾ ಎಂದು ಕೇಳುವುದೇ? ನನಗೆ ಎಲ್ಲಿತ್ತೋ ಸಿಟ್ಟು. "ನಾವು ನಿಮ್ಮ ಹಾಗೆ ಬೂದಿಯಲ್ಲಿ ತೊಳೆಯಲ್ಲಮ್ಮ. ಆ ಬಾಟಲಿನ ಎರಡು ರಾತ್ರಿ ಆ್ಯಸಿಡ್‌ನಲ್ಲಿ ನೆನೆಸಿಟ್ಟು ತೊಳೆದಿದ್ದೀನಿ ನಾನು."

ಮೂಲೆಯ ಮೇಜಿನಲ್ಲಿ ಏನೋ ಬರೆಯುತ್ತಿದ್ದ ಸಾರ್ ಪೆನ್ನು ನಿಲ್ಲಿಸಿದರು.

"ಯಾವ ಆ್ಯಸಿಡ್?" ಎಂದರು.

"ಅದೇ ಸಾರ್, ಕ್ರೋಮಿಕ್," ಎಂದೆ. ಎಂದ ಮೇಲೆ ನನ್ನ ಬಾಯಿ ತೆರೆದ ಹಾಗೇ ಉಳಿಯಿತು.

ಕ್ರೋಮಿಯಂ ಹುಡುಕುವ ಬಾಟಲಿಯನ್ನು ಕ್ರೋಮಿಯಂನಲ್ಲೇ ನೆನೆಸಿಟ್ಟಿದ್ದೆ. ಗಾಜು ಎಷ್ಟು ತೊಳೆದರೂ ಅದನ್ನು ಒಂದಿಷ್ಟು ಹಿಡಿದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. ನಳಿಕೆಯಲ್ಲಿ ನೀರು ನಿಲ್ಲುವುದು ಒಂದೆರಡು ನಿಮಿಷ, ಬಾಟಲಿಯಲ್ಲಿ ಗಂಟೆಗಟ್ಟಲೆ. ನಾನು ಹೋಲಿಕೆಗೆ ನೋಡಿದ ಶುದ್ಧ ನೀರು ಆ ಬಾಟಲಿಯನ್ನು ಮುಟ್ಟಿಯೇ ಇರಲಿಲ್ಲ.

ಸಾರ್ ಎದ್ದು ಬಂದು ನಾನು ಮೊದಲು ಕೊಟ್ಟಿದ್ದ ಆ ಬಾಟಲಿಯನ್ನು ಖಾಲಿ ಮಾಡಿ ಶುದ್ಧ ನೀರು ತುಂಬಿಸಿದರು. ಒಂದು ಗಂಟೆ ಬಿಟ್ಟು ನೋಡೋಣ ಎಂದರು. ನನ್ನ ಜೀವನದ ಅತಿ ಉದ್ದದ ಒಂದು ಗಂಟೆ ಅದು. ಮುನಿಯಮ್ಮ ಸ್ಟೂಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ನಾನು ನಿಂತೇ ಇದ್ದೆ. ಗಂಟೆಯಾದ ಮೇಲೆ ಆ ನೀರನ್ನು ಪೆಟ್ಟಿಗೆಯೊಳಗಿಟ್ಟು ಲುಮಿನಾಲ್ ಬಿಟ್ಟರೆ ಮುಳ್ಳು ಏರತೊಡಗಿತು, ಅದೇ ನಿಧಾನದಲ್ಲಿ.

"ಏನಂತದೆ?" ಎಂದರು ಮುನಿಯಮ್ಮ.

"ನಿಮ್ಮ ಬಾವಿ ಕೆಟ್ಟಿಲ್ಲಮ್ಮ," ಎಂದೆ. ಕಣ್ಣಲ್ಲಿ ನೀರು ಬಂದಿತ್ತು. "ನನ್ನ ಬಾಟಲಿ ಕೆಟ್ಟಿತ್ತು. ಹೆಚ್ಚು ತೊಳೆದು ಕೆಡಿಸಿದ್ದೆ. ನಿಮ್ಮನ್ನ ಅನುಮಾನಿಸಿದೆ, ತಪ್ಪಾಯ್ತು."

ಆಕೆ ನನ್ನನ್ನು, ಬಾಟಲಿಯನ್ನು, ಮತ್ತೆ ನನ್ನನ್ನು ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಆಕೆಗೆ ನಗು ಶುರುವಾಯಿತು. ಮೊದಲು ಭುಜ ಕುಲುಕಿತು, ಆಮೇಲೆ ಬಾಯಿಗೆ ಸೆರಗು ಹಿಡಿದರೂ ನಿಲ್ಲಲಿಲ್ಲ. "ಎರಡ್ ರಾತ್ರಿ ನೆನಾಕಿದ್ಲಂತೆ. ನಿನ್ ಶುದ್ಧಕ್ಕಿಷ್ಟು ಬೆಂಕಿ ಆಕ," ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ಸಾರ್ ಆಗಲೇ ಹೊಸ ಕಾಗದ ತೆಗೆದಿದ್ದರು. ಮುನಿಯಮ್ಮ ಬೇಡವೆಂದರು. "ಕಾಗದದಿಂದ ಕೆಟ್ಟಿದ್ದು ಕಾಗದದಿಂದ ಸರಿಯಾಗಾಕಿಲ್ಲ ಸಾಮಿ. ನಾನೇ ಅತ್ತು ಕರ್ದು ಬರೆಸ್ಕೊಂಡು ಬಂದೆ ಅಂತಾರೆ. ಈ ಮಗಳು ಊರಿಗ್ ಬಂದು ಬಾಯಿಬಿಟ್ಟು ಏಳ್ಬೇಕು."

ಅದೇ ಸರಿ. ಆದರೆ ನನಗೆ ಲ್ಯಾಬಿನ ಚಿಂತೆ ಹತ್ತಿತು. ಊರಿನವರ ಮುಂದೆ ನಿಂತು ನಮ್ಮ ಲ್ಯಾಬಿನ ರಿಪೋರ್ಟು ತಪ್ಪು ಎಂದರೆ ನಾಳೆ ನಮ್ಮ ಹತ್ತಿರ ಯಾರು ಬರುತ್ತಾರೆ? ಆಕೆ ಹೋದ ಮೇಲೆ, "ಸಾರ್, ನಾನೊಬ್ಬಳೇ ಹೋಗಿ ಹೇಳ್ತೀನಿ. ನೀವು ಬರೋದು ಬೇಡ. ತಪ್ಪು ನಂದು," ಎಂದೆ.

"ಬಾಟಲಿ ನಿಂದು, ಸಹಿ ನಂದು," ಎಂದರು. "ಆ ಜಾಡಿಗೆ ನಾನು ಇಪ್ಪತ್ತೈದು ವರ್ಷದಿಂದ ಗಾಜು ಮುಳುಗಿಸ್ತಾ ಇದ್ದೀನಿ. ನಂಗೂ ಹೊಳೀಲಿಲ್ಲವಲ್ಲ. ಶನಿವಾರ ಬೆಳಿಗ್ಗೆ ಯಶವಂತಪುರ ಸ್ಟೇಷನ್‌ಗೆ ಬಂದ್ಬಿಡು." ಟ್ಯೂಬ್‌ಲೈಟಿನ ಕೆಳಗೆ ಅವರು ಅಷ್ಟು ಮೃದುವಾಗಿ ಮಾತಾಡಿದ್ದು ಅದೇ ಮೊದಲು.

ಯಂತ್ರ ಹೊತ್ತೊಯ್ಯುವ ಹಾಗಿರಲಿಲ್ಲ. ಮತ್ತೆ ಹಳೆಯ ಕಣ್ಣಿನ ಪದ್ಧತಿಯೇ ಗತಿ. ಸಾರ್ ಮನೆಯಿಂದ ಟಿಫನ್ ಕ್ಯಾರಿಯರ್ ತಂದಿದ್ದರು. ಮೂರು ಡಬ್ಬಿಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಸಣ್ಣ ಸಣ್ಣ ಬಾಟಲಿಗಳು. ರೈಲಿನಲ್ಲಿ ಎದುರಿಗೆ ಕೂತಿದ್ದವರು, "ಏನ್ ಸ್ವಾಮಿ, ಏನ್ ಮಾಡಿಸ್ಕೊಂಡು ಬಂದ್ರಿ ಇವತ್ತು?" ಎಂದು ವಿಚಾರಿಸಿದರು. "ನೀಲಿ ಸಾರು," ಎಂದರು ಸಾರ್, ಮುಖದ ಗೆರೆ ಅಲುಗಿಸದೆ.

ಹಳ್ಳಿಗೆ ಹೋದರೆ ಟ್ರ್ಯಾಕ್ಟರ್ ಆಗಲೇ ಬಾವಿಯ ಪಕ್ಕ ನಿಂತಿತ್ತು, ಕೆಂಪು ಮಣ್ಣು ತುಂಬಿಕೊಂಡು. ಸೋಮವಾರ ಡ್ರೈವರ್ ಸಿಗುವುದಿಲ್ಲವೆಂದು ಇವತ್ತೇ ತರಿಸಿದ್ದರಂತೆ. ಮುನಿಯಮ್ಮ ಬಾವಿಕಟ್ಟೆಯ ಮೇಲೆ ಅಡ್ಡವಾಗಿ ಕೂತಿದ್ದರು. ಬೈಲಪ್ಪನವರು ಬಿಳಿ ಪಂಚೆಯ ಚುಂಗು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಊರಿನ ಮಕ್ಕಳು ಈ ನೀರು ಕುಡಿದಾರೆಂಬ ಭಯ ಅವರಿಗೆ.

"ಅವತ್ತು ಕೆಟ್ಟದ್ದು ಅಂದೋರು ಇವತ್ತು ಒಳ್ಳೇದು ಅಂತೀರಿ. ಯಾವುದನ್ನ ನಂಬೋದು ಮೇಡಂ?" ಎಂದರು.

"ನನ್ನನ್ನ ನಂಬಬೇಡಿ. ನೀವೇ ನೋಡಿ," ಎಂದೆ. "ನೀರನ್ನೂ ನೀವೇ ಸೇದಿ."

ಸೇದಿದರು. ಮುನಿಯಮ್ಮ ಬೂದಿಯಲ್ಲಿ ಉಜ್ಜಿದ ಬಾಟಲಿಗೆ ತುಂಬಿದರು. ಲ್ಯಾಬಿನಿಂದಲೇ ಶುದ್ಧ ನೀರು ತುಂಬಿ ತಂದಿದ್ದ ನನ್ನ ಆ ಬಾಟಲಿಯನ್ನೂ ಬೈಲಪ್ಪನವರ ಕೈಗೆ ಕೊಟ್ಟೆ. ಕತ್ತಲೆ ಎಲ್ಲಿ ಸಿಗುತ್ತದೆ, ಹಾಡಹಗಲಲ್ಲಿ? ಮುನಿಯಮ್ಮನ ಮನೆಯಲ್ಲಿ ರಾಗಿ ಚೀಲ ಇಡುವ ಕಿಟಕಿಯಿಲ್ಲದ ಕೋಣೆಯಿತ್ತು. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟರು. ಒಂಬತ್ತು ಜನ ಒಳಗೆ ಸೇರಿದೆವು. ಆಮೇಲೆ ಗೊತ್ತಾಯಿತು, ಮೊಟ್ಟೆಗೆ ಕೂತಿದ್ದ ಒಂದು ಕೋಳಿಯೂ ಸೇರಿ ಹತ್ತು.

ಹದಿನೈದು ನಿಮಿಷ ಕೂರಬೇಕು ಎಂದೆ. ಕತ್ತಲೆಯಲ್ಲಿ ಮನುಷ್ಯರು ಬೇರೆಯಾಗುತ್ತಾರೆ ಎಂದೆನಲ್ಲ, ನಾನೂ ಆದೆ. ಬೆಳಕಿನಲ್ಲಿ ಹೇಗೆ ಹೇಳುತ್ತಿದ್ದೆನೋ ಗೊತ್ತಿಲ್ಲ. ಅಲ್ಲಿ, ಯಾರ ಮುಖವೂ ಕಾಣದಾಗ, ಜಾಡಿಯ ಕತೆಯನ್ನು, ನನ್ನ ಜಂಬದ ಕತೆಯನ್ನು, ಮುನಿಯಮ್ಮನನ್ನು ಅನುಮಾನಿಸಿದ್ದನ್ನು ಒಂದೂ ಬಿಡದೆ ಹೇಳಿದೆ. ಕೋಳಿ ನಡುನಡುವೆ ಕೊಕ್ ಕೊಕ್ ಎನ್ನುತ್ತಿತ್ತು.

ಮೊದಲು ಸಾರ್ ಕ್ರೋಮಿಯಂ ಇದೆಯೆಂದು ಗೊತ್ತಿದ್ದ ನಳಿಕೆಗೆ ಲುಮಿನಾಲ್ ಸುರಿದರು. ನೀಲಿ ಬೆಳಕು ಎದ್ದಿತು. "ಅಬ್ಬಬ್ಬಾ," ಎಂದು ಯಾರೋ ಹಿಂದೆ ಸರಿದು ರಾಗಿ ಚೀಲದ ಮೇಲೆ ಕೂತ ಸದ್ದು ಕೇಳಿತು. ಎರಡನೆಯದು ನನ್ನ ಬಾಟಲಿಯ ನೀರು. ಮಂದವಾಗಿ, ಆದರೆ ಎಲ್ಲರಿಗೂ ಕಾಣುವಷ್ಟು ಬೆಳಗಿತು. ನನ್ನ ತಪ್ಪನ್ನು ಅಷ್ಟೂ ಜನ ಕಣ್ಣಾರೆ ಕಂಡರು. ಮೂರನೆಯದು ಬಾವಿ. ಸುರಿದರು.

ಕತ್ತಲೆ. ಮನಸ್ಸಿನಲ್ಲೇ ಹತ್ತು ಎಣಿಸಿದೆ. ಇನ್ನೂ ಕತ್ತಲೆ.

"ಏನೂ ಕಾಣ್ತಾ ಇಲ್ವಲ್ಲ," ಎಂದರು ಬೈಲಪ್ಪನವರು.

"ಕಾಣಬಾರ್ದು ಕಣಪ್ಪ, ಅದೇ ಆಗ್ಬೇಕಿದ್ದು," ಎಂದಿತು ಮುನಿಯಮ್ಮನ ದನಿ.

ಹೊರಗೆ ಬಂದಾಗ ಬಿಸಿಲಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತೆವು. ಬೈಲಪ್ಪನವರು ಇನ್ನೂ ಅರೆಮನಸ್ಸಿನಲ್ಲಿದ್ದರು. ಮುನಿಯಮ್ಮ ಒಂದು ಚೊಂಬು ನೀರು ಸೇದಿ ನನ್ನ ಮುಂದೆ ಹಿಡಿದರು. ಹಳ್ಳಿಗೆ ಹಳ್ಳಿಯೇ ನೋಡುತ್ತಿತ್ತು. ಎತ್ತಿ ಗಟಗಟನೆ ಕುಡಿದೆ. ಎರಡು ಮೈಲಿ ನಡೆದು ಬಂದ ಬಾಯಾರಿಕೆಯೂ ಇತ್ತೆನ್ನಿ. ಸ್ವಲ್ಪ ಒಗರು, ಹೊಂಗೆ ಎಲೆಯದು. ತಣ್ಣಗಿತ್ತು. ಸಾರ್ ಎರಡು ಚೊಂಬು ಕುಡಿದರು. ಬೈಲಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು, "ನಂಗೂ ಒಂದ್ ಕೊಡಕ್ಕ," ಎಂದು ಕೈಚಾಚಿದರು. ನನ್ನ ಮೇಲಿನಿಂದ ಒಂದು ಬಂಡೆ ಇಳಿದಂತಾಯಿತು.

ಲ್ಯಾಬಿಗೆ ಇನ್ನು ಯಾರು ಬರುತ್ತಾರೆ ಎಂಬ ನನ್ನ ಹೆದರಿಕೆ ಏನಾಯಿತು ಗೊತ್ತೆ? ಎರಡು ವಾರದಲ್ಲಿ ಸುತ್ತಮುತ್ತಲ ಹಳ್ಳಿಗಳಿಂದ ಬಾವಿ ನೀರು ಬರತೊಡಗಿತು. ತಪ್ಪಾದರೆ ಮನೆಗೇ ಬಂದು ಹೇಳುವ ಲ್ಯಾಬಂತೆ ಎಂದು ರೈಲಿನಲ್ಲಿ ಸುದ್ದಿ ಹಬ್ಬಿತ್ತು. ಅವುಗಳಲ್ಲಿ ನಿಜವಾಗಿ ಬೆಳಗಿದ ಬಾವಿಗಳೂ ಇದ್ದವು. ಅಲ್ಲಿಗೂ ಹೋಗಿ ಹೇಳಿದೆವು, ಆ ಹಾದಿ ಸುಲಭವಿರಲಿಲ್ಲ.

ಕ್ರೋಮಿಕ್ ಜಾಡಿಯನ್ನು ಆ ಕೆಲಸದಿಂದ ದೂರವಿಟ್ಟೆವು. ಎಲ್ಲಿಗೆ ಮಾದರಿ ತರಲು ಹೋದರೂ ಅದೇ ಥರದ ಇನ್ನೊಂದು ಬಾಟಲಿಯಲ್ಲಿ ಶುದ್ಧ ನೀರು ತುಂಬಿ ಜೊತೆಗೆ ಒಯ್ದು ತಂದು, ಮೊದಲು ಅದನ್ನು ನೋಡುವುದು ಪದ್ಧತಿಯಾಯಿತು. ಸಾರ್ ಆ ಬಾಟಲಿಗೆ ಮುನಿಯಮ್ಮ ಎಂದೇ ಚೀಟಿ ಅಂಟಿಸಿದರು. ಮುನಿಯಮ್ಮ ಕತ್ತಲೆ ಎಂದು ಕೂಗಿ ಹೇಳಿದ ಮೇಲೆಯೇ ಮುಂದಿನ ಕೆಲಸ. ಸಾರ್ ಹೋದರು, ಕೊಡೆ ಬಟ್ಟೆಯ ಪೆಟ್ಟಿಗೆ ಹೋಯಿತು, ಕಂಪ್ಯೂಟರ್ ಬಂತು. ನಾನು ನಿವೃತ್ತಳಾದ ದಿನವೂ ಒಬ್ಬ ಹುಡುಗಿ ಪರದೆ ನೋಡುತ್ತ, "ಮುನಿಯಮ್ಮ ಕತ್ಲೆ ಮೇಡಂ, ಶುರು ಮಾಡ್ಲಾ?" ಎಂದು ಕೇಳಿದಳು. ನೀವು ಸೇರಿದ ಲ್ಯಾಬಿನಲ್ಲಿ ಅದಕ್ಕೆ ಬೇರೆ ಹೆಸರಿರಬಹುದು. ಹೆಸರು ಏನಾದರೂ ಇರಲಿ, ಆ ಬಾಟಲಿಯನ್ನು ಮಾತ್ರ ಬಿಟ್ಟು ಹೋಗಬೇಡಿ.

ಟ್ರ್ಯಾಕ್ಟರಿನ ಮಣ್ಣಿನ ವಿಷಯ ಬಿಟ್ಟೆ. ಅವತ್ತು ನಾವು ಹೊರಡುವಾಗ ಡ್ರೈವರ್ ಬಂದು ಮಣ್ಣನ್ನು ಏನು ಮಾಡಲಿ ಎಂದು ಬೈಲಪ್ಪನವರನ್ನು ಕೇಳಿದ. ಅವರು ಬಾಯಿ ತೆರೆಯುವ ಮುಂಚೆ ಮುನಿಯಮ್ಮ, "ತಂದಿದ್ದು ವಾಪಸ್ ಯಾಕೆ? ನನ್ ಪಾತಿಗೆ ಸುರಿ," ಎಂದು ಬಾವಿಯ ಆಚೆಯ ಬದಿ ತೋರಿಸಿದರು. ಅಲ್ಲೇ ಸುರಿದ.

ಒಂದು ತಿಂಗಳು ಕಳೆದಿರಬೇಕು. ಮುನಿಯಮ್ಮ ಮಲ್ಲೇಶ್ವರದ ವ್ಯಾಪಾರ ಮುಗಿಸಿ ಖಾಲಿ ಮಂಕರಿ ಹಿಡಿದು ಲ್ಯಾಬಿಗೆ ಬಂದರು. ಖಾಲಿಯಲ್ಲ, ತಳದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ದಂಟಿನ ಸೊಪ್ಪಿನ ಎರಡು ಕಟ್ಟುಗಳಿದ್ದವು, ಬೇರಿನಲ್ಲಿ ಇನ್ನೂ ಕೆಂಪು ಮಣ್ಣು.

"ಆ ಮಣ್ಣಿನ್ದೇ," ಎಂದು ನನ್ನ ಕೈಯಲ್ಲಿಟ್ಟರು. "ನೀರೂ ಅದೇ ಬಾವೀದು."

ಕಟ್ಟುಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಆಕೆ ಬಾಗಿಲವರೆಗೆ ಹೋಗಿ, ತಿರುಗಿ, ಬೆರಳು ತೋರಿಸಿ ಹೇಳಿದರು:

"ಬೇಸೋಕ್ ಮುಂಚೆ ತೊಳೀಬೇಕು ಮಗಾ. ಬರೀ ನೀರಲ್ಲಿ."